ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಬ್ಯಾಸ್ಕೆಟ್‌ಬಾಲ್ ಬಿಡಿಸಬೇಕೇ?

ಪ್ರಶ್ನೆ: ನಮ್ಮ ಮಗಳು ದಾವಣಗೆರೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಹೋದ ವರ್ಷದಿಂದ ಶಾಲೆಯ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾಳೆ. ಪ್ರ್ಯಾಕ್ಟೀಸ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಸಂಜೆ ಆರೂವರೆ. ಟ್ಯೂಷನ್ ತಪ್ಪುತ್ತಿದೆ. ಬರುವ ವರ್ಷ ಎಸ್ಸೆಸ್ಸೆಲ್ಸಿ, ಆಟ ಸಾಕು ಎನ್ನುತ್ತಾರೆ ನಮ್ಮ ಮನೆಯವರು. ಗಂಡುಹುಡುಗರ ಆಟ ಇವಳಿಗ್ಯಾಕೆ ಎಂಬುದು ಅತ್ತೆಯವರ ಮಾತು. ಶಾಲೆಯ ಪಿ.ಟಿ. ಸರ್ ಮಾತ್ರ, ಆಟದಿಂದ ಒಳ್ಳೆಯ ಗುಣ ಬರುತ್ತದೆ, ಓದೂ ಸುಧಾರಿಸುತ್ತದೆ ಎನ್ನುತ್ತಾರೆ. ಆದರೆ ಸೋತು ಬಂದ ದಿನ ಇವಳು ಊಟ ಬಿಡುತ್ತಾಳೆ, ಜೊತೆಯ ಹುಡುಗಿಯರನ್ನು ಬೈಯುತ್ತಾಳೆ. ಇದೇನಾ ಒಳ್ಳೆಯ ಗುಣ? ಏನು ಮಾಡಲಿ?

ಉತ್ತರ: ಆಟ ಬಿಡಿಸಬೇಡಿ. ಆದರೆ ಪಿ.ಟಿ. ಸರ್ ಹೇಳಿದ ಮಾತನ್ನು ಅವರು ಹೇಳಿದಷ್ಟು ಸಲೀಸಾಗಿ ನಾನು ಹೇಳಲಾರೆ. ಕೋರ್ಟಿಗೆ ಇಳಿದ ಮಾತ್ರಕ್ಕೆ ಯಾವ ಮಗುವಿಗೂ ಗುಣ ಬಂದುಬಿಡುವುದಿಲ್ಲ. ಹತ್ತಾರು ವರ್ಷ ಆಡಿಯೂ ರೆಫ್ರಿಯ ಮೇಲೆ ಹರಿಹಾಯುವುದೊಂದನ್ನೇ ಕಲಿತವರನ್ನು ನಾನು ಬಲ್ಲೆ. ಈ ಆಟ ಮಾಡುವುದು ಇಷ್ಟು: ಮಗುವಿನ ಒಳಗಿರುವ ಸ್ವಭಾವವನ್ನು ದಿನಾ ಸಂಜೆ, ನಾಲ್ಕು ಜನರ ಎದುರಿಗೆ, ಮತ್ತೆ ಮತ್ತೆ ಹೊರಗೆಳೆಯುತ್ತದೆ. ಸಿಟ್ಟು, ಆಸೆ, ಅಂಜಿಕೆ, ಹೊಟ್ಟೆಕಿಚ್ಚು, ಧೈರ್ಯ ಯಾವುದನ್ನೂ ಮುಚ್ಚಿಡಲು ಬಿಡುವುದಿಲ್ಲ. ಹೊರಗೆ ಬಂದದ್ದನ್ನು ಯಾರು, ಹೇಗೆ ತಿದ್ದುತ್ತಾರೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಿಮ್ಮ ಮಗಳು ಸೋತ ದಿನ ಊಟ ಬಿಡುತ್ತಾಳೆ ಎಂದರೆ ಆಟ ಅವಳನ್ನು ಕೆಡಿಸುತ್ತಿದೆ ಎಂದುಕೊಳ್ಳಬೇಡಿ. ಅವಳೊಳಗೆ ಮೊದಲೇ ಇದ್ದ ಒಂದು ಗುಣ ನಿಮ್ಮ ಕಣ್ಣಿಗೆ ಬಿದ್ದಿದೆ. ಹದಿನಾಲ್ಕನೇ ವಯಸ್ಸಿಗೇ ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯಿತು.

ಈ ಆಟ ಹುಟ್ಟಿದಾಗಲೇ ಅದರ ನಿಯಮಗಳಲ್ಲಿ ಒರಟಾಟಕ್ಕೆ ಕಡಿವಾಣ ಇತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 1891ರ ಡಿಸೆಂಬರಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರ ಕೈಗೆ 18 ಜನ ಯುವಕರ ಒಂದು ತರಗತಿ ಬಂತು. ಹೊರಗೆ ಚಳಿ, ಮೈದಾನಕ್ಕೆ ಹೋಗುವಂತಿಲ್ಲ. ಒಳಗೆ ಕವಾಯತು ಮಾಡಿಸಿದರೆ ಅವರಿಗೆ ಬೇಸರ. ಹಿಂದಿನ ಮೇಷ್ಟರುಗಳ ಮಾತು ಕೇಳದ ಗುಂಪು ಅದು. ಅಮೆರಿಕನ್ ಫುಟ್‌ಬಾಲಿನಂಥ ಮೈಮೇಲೆ ಬೀಳುವ ಆಟವನ್ನು ವ್ಯಾಯಾಮದ ಹಾಲ್‌ನೊಳಗೆ ಆಡಿಸಿದರೆ ಕೈಕಾಲು ಮುರಿಯುವುದು ಖಂಡಿತ. ಆಗ ನೈಸ್ಮಿತ್ ಯೋಚಿಸಿದರು: ಚೆಂಡು ಹಿಡಿದು ಓಡುವಂತಿಲ್ಲ ಎಂದಾದರೆ ಓಡುವವನನ್ನು ಕೆಡವುವ ಪ್ರಮೇಯವೇ ಇರುವುದಿಲ್ಲ. ಗುರಿಯನ್ನು ತಲೆಯ ಮೇಲಕ್ಕೆ ಏರಿಸಿದರೆ ಬಲವಾಗಿ ಬೀಸಿ ಎಸೆದು ಪ್ರಯೋಜನವಿಲ್ಲ, ಹದವಾಗಿ ಎತ್ತಿ ಹಾಕಬೇಕಾಗುತ್ತದೆ. ಹಾಲ್‌ನ ಬಾಲ್ಕನಿಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದರು. ಆ ಬಾಲ್ಕನಿಯ ಎತ್ತರ ಹತ್ತು ಅಡಿ. ಇವತ್ತಿಗೂ ಚೆಂಡು ಹಾಕುವ ರಿಂಗ್ ಇರುವುದು ಅದೇ ಎತ್ತರದಲ್ಲಿ, 3.05 ಮೀಟರ್. ಅವರು ಬರೆದ 13 ನಿಯಮಗಳಲ್ಲಿ ಐದನೆಯದು ತಳ್ಳುವುದು, ಹಿಡಿದುಕೊಳ್ಳುವುದು, ಕಾಲು ಅಡ್ಡ ಕೊಡುವುದನ್ನು ನಿಷೇಧಿಸಿತು. ಎರಡನೇ ಸಲ ಹಾಗೆ ಮಾಡಿದವನು ಮುಂದಿನ ಗೋಲ್ ಆಗುವವರೆಗೆ ಹೊರಗೆ ಕೂರಬೇಕಿತ್ತು.

ಅತ್ತೆಯವರಿಗೆ ಇದನ್ನೂ ಹೇಳಿ. ಆಟ ಹುಟ್ಟಿದ ಮರುವರ್ಷವೇ ಅದೇ ರಾಜ್ಯದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಇದನ್ನು ಹೆಣ್ಣುಮಕ್ಕಳಿಗೆ ಕಲಿಸಲು ತೊಡಗಿದ್ದರು. ಹೆಚ್ಚುಕಡಿಮೆ ಆಟಕ್ಕೆ ಎಷ್ಟು ವಯಸ್ಸೋ ಹೆಣ್ಣುಮಕ್ಕಳು ಅದನ್ನು ಆಡುತ್ತಿರುವುದಕ್ಕೂ ಅಷ್ಟೇ ವಯಸ್ಸು. ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ 2017ರಲ್ಲಿ ಭಾರತದ ಹೆಣ್ಣುಮಕ್ಕಳು ಏಷ್ಯಾ ಕಪ್‌ನ ಬಿ ವಿಭಾಗದ ಪ್ರಶಸ್ತಿ ಗೆದ್ದರು. ನಮ್ಮ ದಾವಣಗೆರೆ ಗರಡಿಮನೆಗಳ ಊರು. ಮೈ ಬಗ್ಗಿಸಿ ಕಲಿಯುವ ವಿದ್ಯೆಗೂ ಒಂದು ಮರ್ಯಾದೆ ಇದೆ ಎಂಬುದನ್ನು ಇಲ್ಲಿಯ ಹಿರಿಯರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆ ಮರ್ಯಾದೆ ಹೆಣ್ಣುಮಕ್ಕಳಿಗೂ ಸಲ್ಲಬೇಕು.

ಈಗ ಗುಣದ ಮಾತಿಗೆ ಬರೋಣ. ಒಂದು ಸಂಜೆ ಕೋರ್ಟಿನ ಪಕ್ಕ ಕೂತು ಒಂದೇ ಒಂದು ಸಲದ ಆಟವನ್ನು ನೋಡಿ. ಚೆಂಡು ನಿಮ್ಮ ಮಗಳ ಕೈಗೆ ಬಂತು ಎಂದುಕೊಳ್ಳಿ. 8 ಸೆಕೆಂಡಿನೊಳಗೆ ಅವಳ ತಂಡ ಕೋರ್ಟಿನ ನಡುಗೆರೆ ದಾಟಬೇಕು, 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು. ಎದುರಿಗೆ ಒಬ್ಬಳು ಕೈ ಚಾಚಿ ಅಡ್ಡ ನಿಂತಿದ್ದಾಳೆ. ಎಡಗಡೆ ರಿಂಗಿನ ಕೆಳಗೆ ಜೊತೆಯವಳೊಬ್ಬಳು ಕೈ ಎತ್ತಿ ಕರೆಯುತ್ತಿದ್ದಾಳೆ, ಆದರೆ ಹಿಂದಿನ ಸಲ ಪಾಸ್ ಕೊಟ್ಟಾಗ ಅವಳೇ ಚೆಂಡು ಕೈಚೆಲ್ಲಿದ್ದಳು. ತಾನೇ ನುಗ್ಗಿ ಎಸೆದರೆ ಚಪ್ಪಾಳೆ ತನಗೆ. ತಪ್ಪಿದರೆ ಬೈಗುಳವೂ ತನಗೆ. ಕೊಡಲಾ, ಬಿಡಲಾ? ಈ ಲೆಕ್ಕಾಚಾರ ನಡೆಯುವುದು ಒಂದೆರಡು ಸೆಕೆಂಡಿನಲ್ಲಿ. ಸ್ವಾರ್ಥ, ನಂಬಿಕೆ, ಅಳುಕು ಮೂರೂ ಅಲ್ಲಿ ಒಟ್ಟಿಗೆ ಇರುತ್ತವೆ. ಒಂದು ಸಂಜೆಯಲ್ಲಿ ಇಂಥ ಸಂದರ್ಭ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ನೀತಿಪಾಠದ ಪೀರಿಯಡ್ಡಿನಲ್ಲಿ ಹಂಚಿಕೊಳ್ಳುವುದು ಒಳ್ಳೆಯದು ಎಂದು ಬರೆಸಬಹುದು. ಹಂಚಿಕೊಂಡು ಸೋತರೂ ಮತ್ತೆ ಹಂಚಿಕೊಳ್ಳುವುದನ್ನು ಬರೆಸಿ ಕಲಿಸಲು ಆಗುವುದಿಲ್ಲ.

ಇನ್ನೊಂದು ವಿಷಯ, ಈ ಆಟದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಕ್ರಿಕೆಟ್ಟಿನಲ್ಲಿ ಬೌಂಡರಿ ಹತ್ತಿರ ನಿಂತ ಹುಡುಗನಿಗೆ ಅರ್ಧ ಗಂಟೆ ಚೆಂಡೇ ಬರದಿರಬಹುದು. ಇಲ್ಲಿ 28 ಮೀಟರ್ ಉದ್ದ, 15 ಮೀಟರ್ ಅಗಲದ ಕೋರ್ಟಿನಲ್ಲಿ ಒಂದು ಕಡೆಗೆ ಐದೇ ಜನ. ಶಾಟ್ ತಪ್ಪಿದ ಮರುಕ್ಷಣ ಎಲ್ಲರೂ ಹಿಂದಕ್ಕೆ ಓಡಿ ಡಿಫೆನ್ಸಿಗೆ ನಿಲ್ಲಬೇಕು. ತಪ್ಪಿತಲ್ಲಾ ಎಂದು ತಲೆ ಮೇಲೆ ಕೈ ಹೊತ್ತು ನಿಂತ ಹುಡುಗಿಯ ಪಕ್ಕದಲ್ಲೇ ಎದುರಾಳಿ ಓಡಿಹೋಗಿ ಲೇಅಪ್, ಅಂದರೆ ರಿಂಗಿನ ಹತ್ತಿರ ಹಾರಿ ಚೆಂಡು, ಹಾಕಿ ಬರುತ್ತಾಳೆ. ಮರುಗುವುದಕ್ಕೆ ಸಮಯವಿಲ್ಲ ಎನ್ನುವುದನ್ನು ಮಕ್ಕಳು ಹೀಗೆ ಕಾಲಿನಿಂದ ಕಲಿಯುತ್ತಾರೆ. ಗಣಿತ ಪರೀಕ್ಷೆಯಲ್ಲಿ ಎರಡನೇ ಲೆಕ್ಕ ಬರಲಿಲ್ಲವೆಂದು ಉಳಿದ ಒಂದೂವರೆ ಗಂಟೆ ಬೆವರುತ್ತಾ ಕೂತ ಮಕ್ಕಳನ್ನು ಕೊಠಡಿ ಮೇಲ್ವಿಚಾರಣೆಯಲ್ಲಿ ನೋಡಿದ್ದೇನೆ. ಅವರಿಗೆ ವಿಷಯ ಗೊತ್ತಿರುತ್ತದೆ, ತಪ್ಪನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗುವ ರೂಢಿ ಇರುವುದಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅದು ದನಿ. ಮೆಲ್ಲಗೆ ಮಾತಾಡು, ಜೋರಾಗಿ ನಗಬೇಡ ಎಂದು ನಾವು ಮನೆಯಲ್ಲಿ ಎಷ್ಟು ಸಲ ಹೇಳುತ್ತೇವೆ! ಕೋರ್ಟಿನಲ್ಲಿ ಮೆಲ್ಲಗೆ ಮಾತಾಡಿದರೆ ಆಟ ನಡೆಯುವುದಿಲ್ಲ. ಹಿಂದಿನಿಂದ ಸ್ಕ್ರೀನ್, ಅಂದರೆ ದಾರಿಗೆ ಅಡ್ಡ ನಿಲ್ಲಲು ಎದುರಾಳಿ, ಬರುತ್ತಿದ್ದರೆ ನೋಡಿದವಳು ಕೂಗಬೇಕು. ಕೂಗದಿದ್ದರೆ ಗೆಳತಿ ಹೋಗಿ ಡಿಕ್ಕಿ ಹೊಡೆಯುತ್ತಾಳೆ. "ನಂದು ಬಾಲ್", "ನೀನು ಅವಳನ್ನ ಹಿಡಿ", "ಹಿಂದಕ್ಕೆ ಬಾ" ಎಂದು ಎಲ್ಲರಿಗೂ ಕೇಳುವಂತೆ ಹೇಳಲೇಬೇಕು. ನಾನು ಆಟ ಕಲಿಸುವ ಟೀಮಿಗೆ ಎಂಟನೇ ತರಗತಿಯಲ್ಲಿ ಬಂದ ಒಬ್ಬ ಹುಡುಗಿ ಹೆಸರು ಕೇಳಿದರೆ ನೆಲ ನೋಡುತ್ತಿದ್ದಳು. ಕೈ ಚುರುಕಾಗಿತ್ತು, ಆದ್ದರಿಂದ ಪಾಯಿಂಟ್ ಗಾರ್ಡ್ ಜಾಗಕ್ಕೆ ಹಾಕಿದೆವು. ಆ ಜಾಗದಲ್ಲಿ ಆಡುವವಳು ಮುಂದೆ ಯಾವ ತಂತ್ರ ಆಡಬೇಕೆಂದು ಬೆರಳು ತೋರಿಸಿ, ಕೂಗಿ ಹೇಳಬೇಕು. ಮೊದಮೊದಲು ಅವಳ ದನಿ ಮಾರು ದೂರಕ್ಕೂ ತಲುಪುತ್ತಿರಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ತನಗಿಂತ ಎರಡು ವರ್ಷ ದೊಡ್ಡವರಿಗೆ, ಅಕ್ಕಾ ಈ ಕಡೆ ಬನ್ನಿ, ಅಲ್ಲಿ ನಿಲ್ಲಬೇಡಿ ಎಂದು ಹೇಳುತ್ತಿದ್ದಳು. ತರಗತಿಯಲ್ಲಿ ಎದ್ದುನಿಂತು ಡೌಟ್ ಕೇಳಲು ಶುರುಮಾಡಿದ್ದಾಳೆ ಎಂದು ಅವರ ವಿಜ್ಞಾನದ ಮೇಡಂ ತಾವಾಗಿ ಬಂದು ನನಗೆ ಹೇಳಿದರು. ಓದಿಗೆ ಆಟದಿಂದ ಆದ ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಫೌಲಿನ ನಿಯಮವನ್ನೂ ಸ್ವಲ್ಪ ತಿಳಿದುಕೊಳ್ಳಿ, ನಿಮ್ಮ ಮಗಳ ಸಿಟ್ಟಿಗೆ ಅದು ನೇರ ಸಂಬಂಧಪಟ್ಟದ್ದು. ಒಬ್ಬ ಆಟಗಾರ್ತಿಗೆ ಐದು ಫೌಲ್ ಆದರೆ ಆ ಪಂದ್ಯದಲ್ಲಿ ಅವಳ ಆಟ ಮುಗಿಯಿತು. ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದಾದ ಕ್ವಾರ್ಟರಿನಲ್ಲಿ ತಂಡದ್ದು ನಾಲ್ಕು ಫೌಲ್ ದಾಟಿದರೆ, ಆಮೇಲಿನ ಪ್ರತಿ ಡಿಫೆನ್ಸ್ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದಂತೆ ರಿಂಗಿಗೆ ಎಸೆಯುವ ಅವಕಾಶ. ಅಂದರೆ ಒಬ್ಬಳು ಸಿಟ್ಟಿಗೆ ಬಿದ್ದು ಕೈ ಮಾಡಿದರೆ ದಂಡ ಕಟ್ಟುವವರು ಎಲ್ಲರೂ. ಹಿಂದೆ ಫೌಲ್ ಮಾಡಿದವರು ತಾವೇ ಕೈ ಎತ್ತುವ ರೂಢಿ ಇತ್ತು, ಈಗ ಕಾಣುವುದು ಕಡಿಮೆ. ನಾನು ಈಗಲೂ ಪ್ರ್ಯಾಕ್ಟೀಸಿನಲ್ಲಿ ಕೈ ಎತ್ತಿಸುತ್ತೇನೆ. ಹೌದು, ನನ್ನಿಂದಾಯಿತು ಎಂದು ಬಾಯಿಬಿಟ್ಟು ಹೇಳಲು ದೊಡ್ಡವರಿಗೇ ಕಷ್ಟ. ಮಕ್ಕಳಿಗೆ ಅದು ಕೈ ಎತ್ತುವುದರಿಂದ ಶುರುವಾದರೆ ತಪ್ಪೇನಿಲ್ಲ.

ಸೋತು ಬಂದ ದಿನ ಏನು ಮಾಡಬೇಕು ಎಂದು ಕೇಳಿದ್ದೀರಿ. ಆ ರಾತ್ರಿ ಏನೂ ಬುದ್ಧಿ ಹೇಳಬೇಡಿ. ಅಳಲಿ. ತಟ್ಟೆ ಮುಚ್ಚಿಟ್ಟು, ಹಸಿವಾದಾಗ ತಿನ್ನು ಎಂದು ಹೇಳಿ ನಿಮ್ಮ ಕೆಲಸ ನೋಡಿಕೊಳ್ಳಿ. ಮಾತಾಡುವುದು ಮರುದಿನ. ಬಾಗಿಲಿಗೆ ಬಂದ ಮಗುವನ್ನು ನಮ್ಮ ಮನೆಗಳಲ್ಲಿ ಮೊದಲು ಕೇಳುವುದೇ "ಗೆದ್ರಾ?" ಎಂದು. ಅದರ ಬದಲು "ಇವತ್ತು ನೀನು ಪಾಸ್ ಕೊಟ್ಟು ಯಾರು ಬ್ಯಾಸ್ಕೆಟ್ ಹಾಕಿದರು?" ಎಂದು ಕೇಳಿ ನೋಡಿ. ಜೊತೆಯವಳನ್ನು ಬೈದಳೆಂದರೆ, ಆ ಹುಡುಗಿ ಚೆನ್ನಾಗಿ ಮಾಡಿದ್ದು ಒಂದಾದರೂ ಇರಬೇಕಲ್ಲ, ಅದೇನು ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಕೋಚ್ ಕೂಡ ಪಂದ್ಯ ಮುಗಿದ ಮೇಲೆ ಇದನ್ನೇ ಮಾಡಿಸಬೇಕು.

ಒಂದು ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಶಾಲಾ ಕ್ರೀಡಾಕೂಟಗಳಲ್ಲಿ ನಮ್ಮ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದೆ. ತಾಲ್ಲೂಕು, ಜಿಲ್ಲೆ ಗೆದ್ದು ಖುಷಿಯಲ್ಲಿ ಹೋದ ಮಕ್ಕಳು ವಿಭಾಗ ಮಟ್ಟದಲ್ಲಿ ಬೆಂಗಳೂರಿನ ಶಾಲೆಗಳ ಎದುರು ನಿಲ್ಲಬೇಕಾಗುತ್ತದೆ. ಅಲ್ಲಿಯವರು ಐದಾರನೇ ತರಗತಿಯಿಂದಲೇ ಕ್ಲಬ್ಬುಗಳಲ್ಲಿ ಆಡಿದವರು, ಒಳಾಂಗಣ ಕೋರ್ಟ್ ಕಂಡವರು. ನಮ್ಮ ಮಕ್ಕಳು ಸಿಮೆಂಟ್ ಕೋರ್ಟಿನಲ್ಲಿ, ಮಳೆ ಬಂದರೆ ರಜೆ ಎನ್ನುವಂತೆ ಕಲಿತವರು. ಅಂತರ ದೊಡ್ಡದೇ ಇರುತ್ತದೆ. ಆ ಸೋಲಿನಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆದರೆ ಹೋಗುವ ಮುಂಚೆಯೇ ಯಾರಾದರೂ ದೊಡ್ಡವರು ಇದನ್ನು ಅವರಿಗೆ ಬಿಡಿಸಿ ಹೇಳಿರಬೇಕು. ಇಲ್ಲದಿದ್ದರೆ ಮಕ್ಕಳು ಬಸ್ಸಿನಲ್ಲಿ ವಾಪಸ್ ಬರುವಾಗ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ.

ಇನ್ನು ಓದು. ಆಡಿದರೆ ಮಾರ್ಕ್ಸ್ ಹೆಚ್ಚಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಆಡಿದರೆ ಮಾರ್ಕ್ಸ್ ಹೋಗುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ ಎಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಶಾಲಾಮಕ್ಕಳ ಆಟ-ವ್ಯಾಯಾಮಕ್ಕೂ ಓದಿಗೂ ಇರುವ ನಂಟಿನ ಬಗ್ಗೆ ನಡೆದ 50 ಅಧ್ಯಯನಗಳನ್ನು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಹೋಲಿಸಿದ ಅಂಶಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಓದಿಗೆ ಅನುಕೂಲ ಕಂಡಿತು, ಉಳಿದ ಹೆಚ್ಚಿನವುಗಳಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಷ್ಟ ಕಂಡದ್ದು ತೀರಾ ಅಪರೂಪ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಾಟ ಚುರುಕಾಗುವಂತೆ ಮೈ ದಂಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಊರನ್ನೇ ನೋಡಿ. ಬೆಳಿಗ್ಗೆ ಆರಕ್ಕೆ ಒಂದು ಬ್ಯಾಚು, ಆಮೇಲೆ ಶಾಲೆ, ಸಂಜೆ ಮತ್ತೊಂದು ಬ್ಯಾಚು. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ರಾತ್ರಿ ಎಂಟೂವರೆಗೆ ಬ್ಯಾಗು ಹೊತ್ತು ಬರುವ ಮಕ್ಕಳ ಮುಖ ನೋಡಿದರೆ ಕರುಳು ಚುರ್ ಎನ್ನುತ್ತದೆ. ಆ ಒಂದು ಗಂಟೆಯ ಆಟ ತೆಗೆದರೆ ಅದು ಪುಸ್ತಕಕ್ಕೆ ಹೋಗುತ್ತದೆಂದು ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದು ಹೋಗುವುದು ಮೊಬೈಲಿಗೆ.

ಕೋರ್ಟಿನಲ್ಲಿ ಕಲಿತ ಶಿಸ್ತು ತಾನಾಗಿ ನಡೆದುಕೊಂಡು ಓದುವ ಮೇಜಿಗೆ ಬರುವುದಿಲ್ಲ, ಕೈಹಿಡಿದು ಕರೆತರಬೇಕು. ನಾವು ಫ್ರೀ ಥ್ರೋಗೆ ಒಂದು ನೋಟ್‌ಬುಕ್ ಇಡಿಸುತ್ತೇವೆ. ಹತ್ತು ಎಸೆತಕ್ಕೆ ಎಷ್ಟು ಬಿತ್ತು, ತಪ್ಪಿದ್ದು ಮುಂದೆ ತಾಗಿಯೋ ಪಕ್ಕಕ್ಕೆ ಹೋಗಿಯೋ, ಅಷ್ಟೇ ಬರೆಯುವುದು. ಕೆಲವು ವಾರ ಬರೆದ ಮೇಲೆ ತನ್ನ ತಪ್ಪಿಗೊಂದು ಜಾಡು ಇದೆ ಎಂಬುದು ಮಗುವಿಗೇ ಗೊತ್ತಾಗುತ್ತದೆ, ಎಲ್ಲ ತಪ್ಪೂ ಎಡಕ್ಕೇ ಹೋಗುತ್ತಿವೆ, ಮೊಣಕೈ ಸರಿಯಿಲ್ಲ ಎಂದು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಗಣಿತದ ಟೆಸ್ಟಿನ ತಪ್ಪುಗಳನ್ನು ಹಾಗೇ ಬರೆಯಲು ಹೇಳಿ. ಸೂತ್ರ ಮರೆತದ್ದೋ, ಕೂಡಿ ಕಳೆಯುವಲ್ಲಿ ಎಡವಿದ್ದೋ, ಪ್ರಶ್ನೆಯನ್ನೇ ಸರಿಯಾಗಿ ಓದದ್ದೋ. ನನಗೆ ಗಣಿತ ಬರಲ್ಲ ಎನ್ನುವ ಮಾತು ಅಲ್ಲಿಂದ ಕಡಿಮೆಯಾಗುತ್ತದೆ. ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ಜಾನ್ ವುಡನ್ ಮೊದಲು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಹೊಸದಾಗಿ ಸೇರಿದ ಆಟಗಾರರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ಸುಕ್ಕು ಉಳಿದರೆ ಕಾಲಿಗೆ ಗುಳ್ಳೆ ಬರುತ್ತದೆ, ಗುಳ್ಳೆ ಬಂದರೆ ಆಟ ತಪ್ಪುತ್ತದೆ. ಚಿಕ್ಕದನ್ನು ಸರಿಯಾಗಿ ಮಾಡುವ ಈ ಅಭ್ಯಾಸಕ್ಕೆ ಆಟ, ಓದು ಎಂಬ ಭೇದವಿಲ್ಲ.

ಸಮಯದ ಹೊಂದಾಣಿಕೆ ಅಷ್ಟು ಕಷ್ಟದ್ದೇನಲ್ಲ. ವಾರಕ್ಕೆ ನಾಲ್ಕು ಸಂಜೆ ಆಟ ಸಾಕು, ಉಳಿದ ಎರಡು ದಿನ ಟ್ಯೂಷನ್. ಸರಿಹೊಂದದಿದ್ದರೆ ಬೆಳಗಿನ ಬ್ಯಾಚಿಗೆ ಬದಲಿಸಿ. ಆದರೆ ನಿದ್ದೆಗೆ ಕತ್ತರಿ ಹಾಕಬೇಡಿ, ಈ ವಯಸ್ಸಿಗೆ ರಾತ್ರಿ ಎಂಟು ಗಂಟೆಯಾದರೂ ಬೇಕು. ಹತ್ತನೇ ತರಗತಿಯಲ್ಲಿ ಪ್ರಿಪರೇಟರಿ ಪರೀಕ್ಷೆಗಳು ಹತ್ತಿರ ಬಂದಾಗ ಪಂದ್ಯಗಳನ್ನು ನಿಲ್ಲಿಸಿ, ದಿನಕ್ಕೆ ಅರ್ಧ ಗಂಟೆ ಬರೀ ಶೂಟಿಂಗ್ ಮಾಡಿ ಬರಲಿ. ಪೂರ್ತಿ ಬಿಡಿಸಿದರೆ ಮಕ್ಕಳು ಮಂಕಾಗುತ್ತಾರೆ.

ಆರೋಗ್ಯದ್ದು ಎರಡು ಮಾತು. ಸುಸ್ತು, ಏದುಸಿರು ಮಾಮೂಲಿಗಿಂತ ಹೆಚ್ಚು ಕಂಡರೆ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ, ಮುಟ್ಟು ಶುರುವಾದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಸೊಪ್ಪು, ಕಾಳು, ರಾಗಿ, ಶೇಂಗಾ ಉಂಡೆ, ತಿನ್ನುವವರಾದರೆ ಮೊಟ್ಟೆ ಕೊಡಿ. ಊಟದ ಜೊತೆಗೇ ಟೀ ಬೇಡ, ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಿಮೆಂಟ್ ನೆಲಕ್ಕೆ ಸವೆದ ಶೂ ಅಪಾಯ. ಹಾರಿ ಇಳಿಯುವಾಗ ಹೆಣ್ಣುಮಕ್ಕಳ ಮೊಣಕಾಲಿಗೆ ಪೆಟ್ಟಾಗುವ ಸಂಭವ ಹುಡುಗರಿಗಿಂತ ಹೆಚ್ಚು. ಮಂಡಿ ಬಗ್ಗಿಸಿ, ಎರಡೂ ಕಾಲಿನ ಮೇಲೆ ಇಳಿಯುವುದನ್ನು ಕೋಚ್ ಬಿಡದೆ ಕಲಿಸಬೇಕು. ಆಡಿದರೆ ಎತ್ತರ ಬೆಳೆಯುತ್ತಾಳೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಿಡ್ಡ ಇದ್ದಾಳೆ, ಆಡಿ ಏನು ಪ್ರಯೋಜನ ಎಂದರೂ ಕಿವಿಗೆ ಹಾಕಿಕೊಳ್ಳಬೇಡಿ. 5 ಅಡಿ 3 ಅಂಗುಲದ ಮಗ್ಸಿ ಬೋಗ್ಸ್ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 14 ಸೀಸನ್ ಆಡಿದ್ದಾರೆ.

ಸ್ಪೋರ್ಟ್ಸ್ ಕೋಟಾದ ಆಸೆಯಿಂದ ಆಡಿಸಬೇಡಿ. ವೃತ್ತಿಪರ ಕೋರ್ಸುಗಳಿಗೆ ಕೋಟಾ ಇದೆ ನಿಜ, ಆದರೆ ಸೀಟು ಕೆಲವೇ, ಸ್ಪರ್ಧೆ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದವರ ಜೊತೆ. ಬೆಂಗಳೂರಿನ ಸಂಜನಾ ರಮೇಶ್ ಅವರಂತೆ ಅಮೆರಿಕದ ವಿಶ್ವವಿದ್ಯಾಲಯವೊಂದರ ತಂಡದಲ್ಲಿ ಆಡುವ ಮಟ್ಟಕ್ಕೆ ಹೋದರೂ ಅಲ್ಲಿ ಓದಿನಲ್ಲಿ ಕನಿಷ್ಠ ಗ್ರೇಡ್ ಇಲ್ಲದವರಿಗೆ ಕೋರ್ಟಿಗೆ ಇಳಿಯಲು ಬಿಡುವುದಿಲ್ಲ.

ನಾನು ಹೇಳಿದ್ದೆಲ್ಲ ಒಳ್ಳೆಯ ಕೋಚ್ ಇದ್ದರೆ ಮಾತ್ರ. ಆದ್ದರಿಂದ ಈ ವಾರವೇ ಒಂದು ಸಂಜೆ ನೀವಿಬ್ಬರೂ ಹೇಳದೆ ಹೋಗಿ ಕೋರ್ಟಿನ ಪಕ್ಕ ಕೂತು ನೋಡಿ. ತಪ್ಪು ಮಾಡಿದ ಮಗುವಿಗೆ ಅವರು ಏನನ್ನುತ್ತಾರೆ? ಕೈ ಮಾಡುತ್ತಾರಾ, ಮೈಕಟ್ಟು, ಜಾತಿ, ಬಣ್ಣ ಎತ್ತಿ ಆಡಿಕೊಳ್ಳುತ್ತಾರಾ? ಆಡುವ ಐವರ ಹೊರತು ಬೆಂಚಿನಲ್ಲಿ ಕೂತವರಿಗೂ ಕಲಿಸುತ್ತಾರಾ? ಕಾಲು ಉಳುಕಿದವಳನ್ನು ಪಟ್ಟಿ ಕಟ್ಟಿ ಮತ್ತೆ ಇಳಿಸುತ್ತಾರಾ? ಹೆಣ್ಣುಮಕ್ಕಳಿಗೆ ಬಳಸಲು ಯೋಗ್ಯವಾದ ಶೌಚಾಲಯ ಇದೆಯಾ, ಹೊರ ಊರಿನ ಪಂದ್ಯಕ್ಕೆ ಶಿಕ್ಷಕಿಯೊಬ್ಬರು ಜೊತೆಗೆ ಹೋಗುತ್ತಾರಾ? ಇದರಲ್ಲಿ ಯಾವುದಾದರೂ ಸರಿ ಕಾಣದಿದ್ದರೆ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ. ಸರಿಹೋಗದಿದ್ದರೆ ಆ ಟೀಮಿನಿಂದ ಬಿಡಿಸಿ, ಬೇರೆ ಕಡೆ ಸೇರಿಸಿ.

ಸರಿ ಕಂಡರೆ, ಟ್ಯೂಷನ್ ಮತ್ತು ಪ್ರ್ಯಾಕ್ಟೀಸಿನ ವೇಳಾಪಟ್ಟಿಯನ್ನು ನೀವು ಮಾಡಿ ಕೊಡಬೇಡಿ. ಅವಳೇ ಮಾಡಲಿ. ಟ್ಯೂಷನ್ ಸರ್ ಹತ್ತಿರ ಬ್ಯಾಚ್ ಬದಲಿಸಿಕೊಡಿ ಎಂದು ಕೇಳುವುದೂ ಅವಳ ಕೆಲಸವೇ ಆಗಲಿ. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಅದು ನಡೆಯಲಿ ಎಂದು ಅವರಪ್ಪ ಒಪ್ಪಿಕೊಳ್ಳಲಿ. ಅಂಕ ಕುಸಿದರೆ ವಾರದ ನಾಲ್ಕು ದಿನವನ್ನು ಎರಡಕ್ಕೆ ಇಳಿಸಿ, ಯಾಕೆ ಇಳಿಸುತ್ತಿದ್ದೀರಿ ಎಂದು ಕೂರಿಸಿಕೊಂಡು ಹೇಳಿ. ಆದರೆ ಮನೆಗೆಲಸ ಮಾಡಲಿಲ್ಲ, ತಮ್ಮನ ಜೊತೆ ಜಗಳ ಆಡಿದಳು, ಎದುರು ಮಾತಾಡಿದಳು ಎಂಬ ಕಾರಣಗಳಿಗೆಲ್ಲ, ನಾಳೆಯಿಂದ ಆಟ ಬಂದ್ ಎಂದು ಹೆದರಿಸುವುದು ಮಾತ್ರ ಬೇಡ.